ಸದ್ದಡಗಿದ ಮಾತ್ರಕ್ಕೆ ಶಾಂತಿಯೆ?

ಯುದ್ಧದ ಸುದ್ದಿಗೂ ಒಂದು ಆಯುಸ್ಸುಂಟು. ಮೊದಲು ಅದು ಪತ್ರಿಕೆಯ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಒಳಪುಟಕ್ಕೆ ಸರಿಯುತ್ತದೆ. ಕೊನೆಗೆ ಜಾಹೀರಾತುಗಳ ನಡುವೆ ನಾಲ್ಕು ಸಾಲಿನ ತುಣುಕಾಗಿ ಉಳಿಯುತ್ತದೆ. ಸುದ್ದಿ ಚಿಕ್ಕದಾದಂತೆ ಯುದ್ಧವೂ ಚಿಕ್ಕದಾಯಿತೆಂದು ಓದುವವರು ಭಾವಿಸುವುದು ಸಹಜ. “ಈಗ ಅಲ್ಲಿ ಮೊದಲಿನಷ್ಟು ಸಾವುನೋವಿಲ್ಲವಂತೆ; ಶಾಂತಿ ನೆಲೆಸಿತೆಂದು ತೋರುತ್ತದೆ” ಎಂದು ಹೇಳಿ ನಾವು ಪುಟ ಮಗುಚುತ್ತೇವೆ. ಪರಸೇನೆಯೊಂದು ಬೀಡುಬಿಟ್ಟಿರುವ ದೇಶದ ವಿಷಯದಲ್ಲಿ ಈ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು? ಕೊಲೆಗಳ ಲೆಕ್ಕ ಇಳಿದುದು ಶಾಂತಿ ಬಂದುದರ ಗುರುತೆ, ಅಥವಾ ಮುಂದಿನ ಕಾಳಗಕ್ಕೆ ಮುನ್ನ ಎರಡು ಪಕ್ಷದವರೂ ಎಳೆದುಕೊಂಡ ಉಸಿರೆ? ಈ ವಾರ ವಾಚಕರೊಡನೆ ಈ ಪ್ರಶ್ನೆಯನ್ನು ಕುರಿತು ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ.

ಇಂಥ ಪ್ರಶ್ನೆ ಬರಿಯ ತರ್ಕದಿಂದ ಬಗೆಹರಿಯತಕ್ಕದ್ದಲ್ಲ, ದೃಷ್ಟಾಂತ ಬೇಕು. ಆದಿ, ಮಧ್ಯ, ಅಂತ್ಯ ಮೂರೂ ನಮ್ಮ ಕಣ್ಣೆದುರಿಗೇ ನಡೆದುಹೋದ ದೃಷ್ಟಾಂತವೆಂದರೆ ಇರಾಕ್ ದೇಶದ್ದು. ೨೦೦೩ರ ಮಾರ್ಚಿಯಲ್ಲಿ ಅಮೆರಿಕವೂ ಬ್ರಿಟನ್ನೂ ಕೂಡಿ ಆ ದೇಶದ ಮೇಲೆ ದಂಡೆತ್ತಿ ಹೋದವು. ಏಪ್ರಿಲ್ ೯ರಂದು ಬಾಗ್ದಾದು ಕೈವಶವಾಯಿತು. ಮೇ ೧ರಂದು ಅಧ್ಯಕ್ಷ ಜಾರ್ಜ್ ಬುಷ್ ಅವರು ಯುದ್ಧನೌಕೆಯೊಂದರ ಮೇಲೆ ನಿಂತು ಪ್ರಧಾನ ಕಾಳಗ ಮುಗಿಯಿತೆಂದು ಸಾರಿದರು. ನಿಜವಾದ ರಕ್ತಪಾತ ಆರಂಭವಾದುದು ಆಮೇಲೆ.

ಪತ್ರಿಕಾ ವರದಿಗಳನ್ನೂ ಆಸ್ಪತ್ರೆಗಳ ದಾಖಲೆಗಳನ್ನೂ ಆಧರಿಸಿ ನಾಗರಿಕರ ಸಾವುಗಳನ್ನು ಎಣಿಸುತ್ತ ಬಂದ ‘ಇರಾಕ್ ಬಾಡಿ ಕೌಂಟ್’ ಎಂಬ ಸಂಸ್ಥೆಯ ಲೆಕ್ಕವನ್ನು ನೋಡಿರಿ. ೨೦೦೬ರಲ್ಲಿ ಸುಮಾರು ೨೯,೦೦೦ ಮಂದಿ, ೨೦೦೭ರಲ್ಲಿ ಸುಮಾರು ೨೬,೦೦೦, ೨೦೦೮ರಲ್ಲಿ ೧೦,೦೦೦ಕ್ಕೆ ಇಳಿಯಿತು, ೨೦೦೯ರಲ್ಲಿ ೫,೦೦೦ದಷ್ಟು, ೨೦೧೦, ೨೦೧೧ರಲ್ಲಿ ವರ್ಷಕ್ಕೆ ೪,೦೦೦ದ ಆಸುಪಾಸು. ದಾಖಲೆಗೆ ಸಿಕ್ಕಿದ ಸಾವುಗಳು ಮಾತ್ರ ಇಲ್ಲಿ ಸೇರಿರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೇ ಇರಬೇಕು. ಆದರೆ ಇಳಿಜಾರು ಸ್ಪಷ್ಟವಾಗಿದೆ. ಅಮೆರಿಕದ ಸೈನಿಕರು ೨೦೦೭ರಲ್ಲಿ ೯೦೦ಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷ ೩೦೦ಕ್ಕೂ ಸ್ವಲ್ಪ ಹೆಚ್ಚು ಮಂದಿ ಮಾತ್ರ. ಈ ಅಂಕೆಗಳನ್ನು ಕೈಯಲ್ಲಿ ಹಿಡಿದವರು “ಗೆದ್ದೆವು” ಎಂದುದರಲ್ಲಿ ಆಶ್ಚರ್ಯವೇನು?

ಅಂಕೆಗಳು ಸುಳ್ಳಲ್ಲ. ಬಾಗ್ದಾದಿನ ತಾಯಿಯೊಬ್ಬಳು ಮಗುವನ್ನು ಶಾಲೆಗೆ ಕಳುಹಿಸಿ ಸಂಜೆಯವರೆಗೆ ಬಾಗಿಲಲ್ಲಿ ನಿಂತು ನಡುಗುವ ಬದಲು ಒಲೆಯ ಮುಂದೆ ಕುಳಿತು ಅಡಿಗೆ ಮಾಡುವಂತಾಯಿತು. ಬೀಗ ಹಾಕಿದ್ದ ಅಂಗಡಿಗಳು ತೆರೆದವು. ಸಾವಿರಾರು ಪ್ರಾಣಗಳು ಉಳಿದವು. ಇದನ್ನು ಹಗುರವಾಗಿ ಕಾಣುವುದು ಮನುಷ್ಯತ್ವಕ್ಕೆ ಒಪ್ಪುವ ಮಾತಲ್ಲ. ಆದರೆ ಜ್ವರ ಇಳಿದಾಗ ರೋಗವೂ ಹೋಯಿತೆ ಎಂದು ವೈದ್ಯನು ಕೇಳಿಕೊಳ್ಳುವಂತೆ, ನಾವೂ ಇಲ್ಲಿ ಜ್ವರ ಇಳಿದ ಬಗೆ ಯಾವುದೆಂದು ಕೇಳಬೇಕು. ಅದಕ್ಕೆ ಮೊದಲು ಜ್ವರ ಏರಿದ ಬಗೆಯನ್ನು ತಿಳಿಯಬೇಕು.

ಇರಾಕಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಶಿಯಾ ಪಂಥದ ಅರಬರು. ಸುನ್ನಿ ಅರಬರು ಹೆಚ್ಚು ಕಡಮೆ ಐದರಲ್ಲೊಂದು ಪಾಲು. ಉತ್ತರದ ಬೆಟ್ಟಸೀಮೆಯಲ್ಲಿ ಕುರ್ದರು. ಸದ್ದಾಮ್ ಹುಸೇನನ ಕಾಲದಲ್ಲಿ ಸೇನೆಯ ಮೇಲಣ ಹುದ್ದೆಗಳೂ ಅಧಿಕಾರದ ಆಯಕಟ್ಟಿನ ಸ್ಥಾನಗಳೂ ಬಹುಮಟ್ಟಿಗೆ ಸುನ್ನಿಗಳ ಕೈಯಲ್ಲಿದ್ದುವು. ೨೦೦೩ರ ಮೇ ತಿಂಗಳಲ್ಲಿ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಅವರು ಒಂದು ವಾರದ ಅಂತರದಲ್ಲಿ ಎರಡು ಆಜ್ಞೆಗಳನ್ನು ಹೊರಡಿಸಿದರು. ಮೊದಲನೆಯದು ಬಾತ್ ಪಕ್ಷದ ಮೇಲ್ದರ್ಜೆಯ ಸದಸ್ಯರನ್ನು ಸರ್ಕಾರಿ ಕೆಲಸದಿಂದ ಹೊರಹಾಕಿತು. ಎರಡನೆಯದು ಇಡೀ ಸೇನೆಯನ್ನೇ ವಿಸರ್ಜಿಸಿತು. ಲಕ್ಷಾಂತರ ಕುಟುಂಬಗಳ ಸಂಬಳ ನಿಂತಿತು. ಸಂಬಳ ಹೋದವನ ಮನೆಯಲ್ಲಿ ಬಂದೂಕು ಮಾತ್ರ ಉಳಿಯಿತು. ೨೦೦೫ರ ಜನವರಿಯ ಚುನಾವಣೆಯಿಂದ ಸುನ್ನಿಗಳು ಬಹುತೇಕ ದೂರ ಉಳಿದರು. ೨೦೦೬ರ ಫೆಬ್ರವರಿ ೨೨ರಂದು ಸಮಾರಾ ಪಟ್ಟಣದಲ್ಲಿ ಶಿಯಾಗಳಿಗೆ ಪರಮ ಪವಿತ್ರವಾದ ಅಸ್ಕರಿ ಮಸೀದಿಯ ಬಂಗಾರದ ಗುಮ್ಮಟವನ್ನು ಸಿಡಿಮದ್ದಿನಿಂದ ಉರುಳಿಸಿದರು. ಅಲ್ಲಿಂದ ಮುಂದೆ ನೆರೆಮನೆಯವನು ನೆರೆಮನೆಯವನನ್ನು ಹೆಸರು ಕೇಳಿ ಕೊಲ್ಲುವ ಕಾಲ ಬಂದಿತು. ಹೆಸರಿನಿಂದ ಪಂಥ ಗೊತ್ತಾಗುತ್ತಿತ್ತು. ಪಂಥದಿಂದ ಬದುಕು ಸಾವು ನಿರ್ಧಾರವಾಗುತ್ತಿತ್ತು.

ಇಂಥ ದಾವಾಗ್ನಿ ಎರಡೇ ವರ್ಷದಲ್ಲಿ ಹೇಗೆ ತಗ್ಗಿತು? ಸಾಮಾನ್ಯವಾಗಿ ಹೇಳುವ ಕಾರಣ ಒಂದು: ೨೦೦೭ರ ಜನವರಿಯಲ್ಲಿ ಬುಷ್ ಅವರು ೨೦,೦೦೦ಕ್ಕೂ ಹೆಚ್ಚು ಸೈನಿಕರನ್ನು ಹೊಸದಾಗಿ ಕಳುಹಿಸುವುದಾಗಿ ಪ್ರಕಟಿಸಿದರು, ಜನರಲ್ ಡೇವಿಡ್ ಪೆಟ್ರೇಯಸ್ ಅವರು ದಂಡಿನ ಮುಖ್ಯಸ್ಥರಾದರು, ಆ ವರ್ಷದ ಕೊನೆಗೆ ಅಮೆರಿಕದ ಸೈನ್ಯ ೧,೭೦,೦೦೦ದಷ್ಟಾಯಿತು, ಸೈನಿಕರು ದೊಡ್ಡ ಶಿಬಿರಗಳನ್ನು ಬಿಟ್ಟು ಬೀದಿಬೀದಿಯ ಠಾಣೆಗಳಲ್ಲಿ ನಿಂತರು. ಇದೆಲ್ಲ ನಿಜ. ಆದರೆ ಇದು ನಾಲ್ಕು ಕಾರಣಗಳಲ್ಲಿ ಒಂದು ಮಾತ್ರ. ಉಳಿದ ಮೂರನ್ನು ವಿವರವಾಗಿ ನೋಡಿದಲ್ಲದೆ ಆ ಸದ್ದಡಗುವಿಕೆಯ ಸ್ವರೂಪ ತಿಳಿಯುವುದಿಲ್ಲ.

ಎರಡನೆಯ ಕಾರಣ ಅನ್ಬಾರ್ ಪ್ರಾಂತದ ಸುನ್ನಿ ಬುಡಕಟ್ಟುಗಳು. ಅಮೆರಿಕದವರ ಮೇಲೆ ಬಂದೂಕು ಹಿಡಿದಿದ್ದ ಈ ಜನರೇ ಅಲ್ ಕೈದಾದ ಉಗ್ರರ ಕ್ರೌರ್ಯಕ್ಕೆ ಬೇಸತ್ತಿದ್ದರು. ಹೊರಗಿನಿಂದ ಬಂದ ಉಗ್ರರು ಬುಡಕಟ್ಟಿನ ಹಿರಿಯರನ್ನು ಕೊಂದರು. ಹೆದ್ದಾರಿಯ ವ್ಯಾಪಾರವನ್ನು ಕಸಿದುಕೊಂಡರು. ೨೦೦೬ರ ಸೆಪ್ಟೆಂಬರಿನಲ್ಲಿ, ಅಂದರೆ ಹೊಸ ಸೈನಿಕರು ಬರುವುದಕ್ಕೆ ಮೊದಲೇ, ರಮಾದಿಯ ಶೇಖ್ ಅಬ್ದುಲ್ ಸತ್ತಾರ್ ಅಬು ರಿಷಾ ಅವರ ನೇತೃತ್ವದಲ್ಲಿ ಬುಡಕಟ್ಟಿನವರು ಪಕ್ಷ ಬದಲಾಯಿಸಿ ಅಮೆರಿಕದವರೊಡನೆ ಕೈಜೋಡಿಸಿದರು. ಮರುವರ್ಷವೇ ಶೇಖರು ಬಾಂಬಿಗೆ ಬಲಿಯಾದರು; ಆದರೆ ಅವರು ತೊಡಗಿಸಿದ ಕೆಲಸ ಹರಡಿತು. ‘ಇರಾಕಿನ ಮಕ್ಕಳು’ ಎಂಬ ಹೆಸರಿನ ಈ ಕಾವಲುಪಡೆಗಳಲ್ಲಿ ಒಂದು ಲಕ್ಷದಷ್ಟು ಜನ ಸೇರಿದರು. ಅವರಿಗೆ ತಿಂಗಳಿಗೆ ಸುಮಾರು ೩೦೦ ಡಾಲರ್ ಸಂಬಳ; ಕೊಡುತ್ತಿದ್ದವರು ಅಮೆರಿಕದವರು. ನಿನ್ನೆ ಗುಂಡು ಹಾರಿಸುತ್ತಿದ್ದವನು ಇಂದು ಚೌಕಿಯಲ್ಲಿ ನಿಂತು ಕಾವಲು ಕಾಯುತ್ತಿದ್ದಾನೆ; ಅಂಕೆ ಇಳಿಯದೆ ಏನು ಮಾಡೀತು? ಆದರೆ ಅವನು ಬಾಗ್ದಾದಿನ ಸರ್ಕಾರಕ್ಕೆ ಒಲಿದವನಲ್ಲ. ಅವನ ಒಪ್ಪಂದ ವಿದೇಶೀ ದಂಡಿನೊಡನೆ. ಆ ದಂಡಾದರೋ ಒಂದು ದಿನ ಹೊರಟುಹೋಗುವಂಥದು.

ಮೂರನೆಯದು ಶಿಯಾ ಪಕ್ಷದ ಮೌನ. ಮುಕ್ತದಾ ಅಲ್ ಸದರ್ ಎಂಬ ಯುವ ಧರ್ಮಗುರುವಿನ ‘ಮಹ್ದಿ ಸೇನೆ’ ಬಾಗ್ದಾದಿನ ಬಡಕೇರಿಗಳಲ್ಲಿ ಪ್ರಬಲವಾಗಿತ್ತು. ೨೦೦೭ರ ಆಗಸ್ಟ್ ೨೯ರಂದು, ಕರ್ಬಲಾದಲ್ಲಿ ನಡೆದ ಘರ್ಷಣೆಯ ಮರುದಿನವೇ, ಆತ ತನ್ನವರಿಗೆ ಆರು ತಿಂಗಳ ಕಾಲ ಆಯುಧ ಕೆಳಗಿಡುವಂತೆ ಹೇಳಿದ. ಆಮೇಲೆ ಆ ಅವಧಿಯನ್ನು ಮುಂದುವರಿಸಿದ. ಇದರಿಂದ ಸಾವಿನ ಲೆಕ್ಕ ಗಣನೀಯವಾಗಿ ತಗ್ಗಿತು. ಆದರೆ ಆಯುಧ ಕೆಳಗಿಟ್ಟುದು ಬೇರೆ, ಒಪ್ಪಿಸಿದುದು ಬೇರೆ. ಇವರು ಅಟ್ಟದ ಮೇಲಿಟ್ಟರು, ಅಷ್ಟೆ. ೨೦೦೮ರ ಮಾರ್ಚಿಯಲ್ಲಿ ಸರ್ಕಾರದ ಸೇನೆ ಬಸ್ರಾ ನಗರಕ್ಕೆ ನುಗ್ಗಿದಾಗ ಆ ಆಯುಧಗಳು ಮತ್ತೆ ಇಳಿದುಬಂದುವು.

ನಾಲ್ಕನೆಯ ಕಾರಣವೇ ಎಲ್ಲಕ್ಕಿಂತ ದುಃಖದ್ದು. ಕೊಲ್ಲಬೇಕಾದವರನ್ನು ಕೊಂದು, ಓಡಿಸಬೇಕಾದವರನ್ನು ಓಡಿಸಿ ಮುಗಿದ ಮೇಲೆ ಕೊಲೆ ತಾನಾಗಿಯೇ ಕಡಮೆಯಾಗುತ್ತದೆ. ೨೦೦೩ಕ್ಕೆ ಮೊದಲು ಬಾಗ್ದಾದಿನ ಎಷ್ಟೋ ಬಡಾವಣೆಗಳಲ್ಲಿ ಸುನ್ನಿಗಳೂ ಶಿಯಾಗಳೂ ಅಕ್ಕಪಕ್ಕದಲ್ಲಿ ವಾಸವಾಗಿದ್ದರು. ಮದುವೆಯ ಸಂಬಂಧಗಳನ್ನೂ ಬೆಳೆಸಿದ್ದರು. ೨೦೦೭ರ ಕೊನೆಯ ಹೊತ್ತಿಗೆ ಆ ಬೆರಕೆಯ ಬಡಾವಣೆಗಳಲ್ಲಿ ಹೆಚ್ಚಿನವು ಒಂದೇ ಪಂಥದವಾಗಿ ಹೋಗಿದ್ದುವು. ಸುಮಾರು ಇಪ್ಪತ್ತು ಲಕ್ಷ ಜನ ಸಿರಿಯಾ, ಜೋರ್ಡನ್ ಮುಂತಾದ ದೇಶಗಳಿಗೆ ಓಡಿದ್ದರೆಂದೂ ಇನ್ನಷ್ಟೇ ಜನ ಒಳನಾಡಿನಲ್ಲಿಯೇ ನೆಲೆಗೆಟ್ಟಿದ್ದರೆಂದೂ ವಿಶ್ವಸಂಸ್ಥೆಯ ನಿರಾಶ್ರಿತರ ಶಾಖೆ ಅಂದಾಜು ಮಾಡಿತು. ಉಳಿದವರ ನಡುವೆ ಅಮೆರಿಕದವರು ಕಾಂಕ್ರೀಟಿನ ಗೋಡೆ ಎಬ್ಬಿಸಿದರು. ೨೦೦೭ರ ಏಪ್ರಿಲಿನಲ್ಲಿ ಸುನ್ನಿಗಳ ಅಧಮಿಯಾ ಬಡಾವಣೆಯ ಸುತ್ತ ಹನ್ನೆರಡು ಅಡಿ ಎತ್ತರದ, ಸುಮಾರು ಐದು ಕಿಲೋಮೀಟರ್ ಉದ್ದದ ಗೋಡೆ ಏಳತೊಡಗಿದಾಗ ಅಲ್ಲಿನ ನಿವಾಸಿಗಳೇ ಬೀದಿಗಿಳಿದು ಪ್ರತಿಭಟಿಸಿದರು. ತಮ್ಮ ರಕ್ಷಣೆಗೆಂದು ಕಟ್ಟಿದ ಗೋಡೆ ಅವರಿಗೆ ಸೆರೆಮನೆಯ ಗೋಡೆಯಂತೆ ಕಂಡಿತು.

ನಮ್ಮ ವ್ಯಾಕರಣದಲ್ಲಿ ಸಂಧಿಯೆಂಬ ಮಾತಿದೆ. ರಾಜನೀತಿಯಲ್ಲಿಯೂ ಅದೇ ಮಾತಿದೆ. ಎರಡು ಅಕ್ಷರಗಳು ನಡುವೆ ವಿಳಂಬವಿಲ್ಲದೆ ಒಂದನ್ನೊಂದು ಕೂಡಿದರೆ ಸಂಧಿ. ಹಾಗೆ ಕೂಡುವಾಗ ಒಂದು ಅಕ್ಷರ ಲೋಪವಾಗಬಹುದು, ಹೊಸದೊಂದು ಆಗಮವಾಗಬಹುದು, ಒಂದರ ಸ್ಥಾನದಲ್ಲಿ ಮತ್ತೊಂದು ಆದೇಶವಾಗಿ ಬರಬಹುದು. ಒಂದಾದರೂ ಬದಲಾವಣೆಯಿಲ್ಲದೆ ಸಂಧಿಕಾರ್ಯವಿಲ್ಲ. ರಾಜ್ಯಗಳ ಸಂಧಿಯೂ ಹೀಗೆಯೇ. ಎರಡು ಪಕ್ಷಗಳೂ ಏನನ್ನಾದರೂ ಬಿಟ್ಟುಕೊಟ್ಟು, ಏನನ್ನಾದರೂ ಪಡೆದು, ಮೊದಲಿದ್ದಂತೆ ಉಳಿಯದೆ ಕೂಡಬೇಕು. ಬಾಗ್ದಾದಿನಲ್ಲಿ ಎರಡು ಪಕ್ಷಗಳನ್ನು ಕೂಡಿಸಲಿಲ್ಲ; ನಡುವೆ ಗೋಡೆಯಿಟ್ಟು ಬೇರೆ ಬೇರೆಯಾಗಿ ನಿಲ್ಲಿಸಿದರು. ಹೊಡೆದಾಟ ನಿಂತಿತು, ನಿಜ. ಅದಕ್ಕೆ ಸಂಧಿಯೆಂದು ಹೆಸರಿಡಲಾಗದು.

ಇದು ಅಮೆರಿಕದ ಮುಖ್ಯಸ್ಥರಿಗೆ ತಿಳಿಯದ ವಿಷಯವಾಗಿರಲಿಲ್ಲ. ಹೊಸ ಸೈನಿಕರನ್ನು ಕಳುಹಿಸಿದ ಉದ್ದೇಶವೇ ಇರಾಕಿನ ಮುಂದಾಳುಗಳಿಗೆ ರಾಜಿ ಮಾಡಿಕೊಳ್ಳಲು ಬಿಡುವು ದೊರಕಿಸಿಕೊಡುವುದೆಂದು ಅವರು ಸಾರಿದ್ದರು. ಆ ರಾಜಿಯನ್ನು ಅಳೆಯಲು ೧೮ ಗುರಿಗಳ ಪಟ್ಟಿಯನ್ನೂ ಕಾನೂನಿನಲ್ಲಿ ಬರೆದರು. ೨೦೦೭ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಪರೀಕ್ಷಿಸಿ ನೋಡಿದಾಗ ೩ ಗುರಿಗಳು ಪೂರ್ತಿಯಾಗಿ, ೪ ಭಾಗಶಃ ನೆರವೇರಿದ್ದುವು, ೧೧ ನೆರವೇರಿರಲಿಲ್ಲ. ೨೦೦೮ರ ಏಪ್ರಿಲಿನಲ್ಲಿ ಪೆಟ್ರೇಯಸ್ ಅವರೇ ಸೆನೆಟ್ಟಿನ ಮುಂದೆ, ಸಾಧಿಸಿದ ಪ್ರಗತಿ ನಾಜೂಕಾದುದು, ಹಿಂದಿರುಗಿ ಹೋಗಬಹುದಾದುದು ಎಂಬರ್ಥದ ಮಾತನ್ನಾಡಿದರು. ಸೇನಾಪತಿಯ ಎಚ್ಚರಿಕೆ ಪತ್ರಿಕೆಗಳ ಜಯಘೋಷದಲ್ಲಿ ಮುಳುಗಿತು.

ಬಿಡುವೇನೋ ದೊರೆಯಿತು. ಅದನ್ನು ಬಳಸಿದ ಬಗೆ ಹೇಗೆ? ತೈಲದ ಆದಾಯವನ್ನು ಪ್ರಾಂತಗಳಿಗೆ ಹಂಚುವ ಕಾನೂನು ೨೦೦೭ರಲ್ಲಿ ಕರಡಾಗಿ ಬಂದಿತು, ಅಂಗೀಕಾರವಾಗಲಿಲ್ಲ. ತೈಲಸಂಪನ್ನವಾದ ಕಿರ್ಕೂಕ್ ನಗರ ಕುರ್ದರಿಗೆ ಸೇರಬೇಕೊ ಬಾಗ್ದಾದಿಗೊ ಎಂಬುದನ್ನು ೨೦೦೭ರ ಕೊನೆಯೊಳಗೆ ಜನಮತದಿಂದ ತೀರ್ಮಾನಿಸಬೇಕೆಂದು ಸಂವಿಧಾನದಲ್ಲಿ ಬರೆದಿತ್ತು, ಜನಮತ ನಡೆಯಲಿಲ್ಲ. ‘ಇರಾಕಿನ ಮಕ್ಕಳು’ ಪಡೆಯವರಲ್ಲಿ ಐದರಲ್ಲೊಂದು ಪಾಲಿನವರಿಗೆ ಪೊಲೀಸು ಹಾಗೂ ಸೇನೆಯಲ್ಲಿ, ಉಳಿದವರಿಗೆ ಇತರ ಇಲಾಖೆಗಳಲ್ಲಿ ಕೆಲಸ ಕೊಡುವುದಾಗಿ ಸರ್ಕಾರ ಮಾತುಕೊಟ್ಟಿತ್ತು. ೨೦೧೦ರ ನಡುವಿನ ಹೊತ್ತಿಗೆ ಕೆಲಸ ಸಿಕ್ಕಿದವರು ಅರ್ಧಕ್ಕಿಂತ ಕಡಮೆ. ಉಳಿದವರಲ್ಲಿ ಎಷ್ಟೋ ಮಂದಿಗೆ ಸಂಬಳ ತಡವಾಯಿತು. ಕೆಲವರ ಮನೆಗೆ ಸಂಬಳದ ಬದಲು ಬಂಧನದ ಆಜ್ಞೆ ಬಂದಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದುದು ೨೦೧೦ರ ಚುನಾವಣೆಯಲ್ಲಿ. ಈ ಬಾರಿ ಸುನ್ನಿಗಳು ಬಂದೂಕನ್ನು ಬಿಟ್ಟು ಮತಪೆಟ್ಟಿಗೆಯನ್ನು ನಂಬಿ ಬಂದರು. ಅವರ ಬೆಂಬಲ ಪಡೆದ ಅಯಾದ್ ಅಲ್ಲಾವಿ ಅವರ ಕೂಟಕ್ಕೆ ೩೨೫ ಸ್ಥಾನಗಳಲ್ಲಿ ೯೧ ದೊರೆತುವು. ಪ್ರಧಾನಿ ನೂರಿ ಅಲ್ ಮಾಲಿಕಿ ಅವರ ಕೂಟಕ್ಕೆ ೮೯. ಅಲ್ಲಾವಿ ಅವರು ಸ್ವತಃ ಶಿಯಾ. ಅವರ ಕೂಟದಲ್ಲಿ ಎರಡು ಪಂಥದವರೂ ಇದ್ದರು. ಇದಕ್ಕಿಂತ ಒಳ್ಳೆಯ ಶಕುನ ಬೇಕಿತ್ತೆ? ಆದರೆ ಚುನಾವಣೆಯ ಅನಂತರ ಒಂದುಗೂಡಿದ ಕೂಟವೂ ಸರ್ಕಾರ ರಚಿಸಬಹುದೆಂದು ನ್ಯಾಯಾಲಯ ಹೇಳಿತು. ಒಂಬತ್ತು ತಿಂಗಳ ಚೌಕಾಶಿಯ ಬಳಿಕ ಮಾಲಿಕಿಯವರೇ ಪ್ರಧಾನಿಯಾಗಿ ಉಳಿದರು. ವಿರೋಧಿಗಳಿಗೆ ಕೊಡುತ್ತೇವೆಂದ ಅಧಿಕಾರದ ಪಾಲು ಕಾಗದದ ಮೇಲೆಯೇ ಉಳಿಯಿತು. ಮತ ಹಾಕಿ ಗೆದ್ದರೂ ಫಲವಿಲ್ಲವೆಂದು ಒಂದು ಪಂಗಡಕ್ಕೆ ಮನವರಿಕೆಯಾದ ದಿನ ಆ ದೇಶದಲ್ಲಿ ಒಂದು ಗುಂಡೂ ಹಾರಿರಲಾರದು. ಅಂಕೆಗಳ ಪಟ್ಟಿಯಲ್ಲಿ ಆ ದಿನ ಶಾಂತಿಯ ದಿನವೇ!

ಮುಂದಿನ ಕಥೆ ಬೇಗ ಬೇಗ ನಡೆಯಿತು. ೨೦೧೧ರ ಡಿಸೆಂಬರ್ ೧೮ರಂದು ಅಮೆರಿಕದ ಕಡೆಯ ವಾಹನಸಾಲು ಗಡಿ ದಾಟಿ ಕುವೈತಿಗೆ ಹೋಯಿತು. ಮಾರನೆಯ ದಿನವೇ ಸುನ್ನಿ ಪಂಥದ ಉಪಾಧ್ಯಕ್ಷ ತಾರಿಕ್ ಅಲ್ ಹಾಶಿಮಿ ಅವರ ಬಂಧನಕ್ಕೆ ಆಜ್ಞೆ ಹೊರಟಿತು. ವರ್ಷ ಕಳೆದ ಮೇಲೆ ಸುನ್ನಿ ಪಂಥದ ಹಣಕಾಸಿನ ಮಂತ್ರಿಯ ಅಂಗರಕ್ಷಕರನ್ನು ಹಿಡಿದರು. ರಮಾದಿ, ಫಲ್ಲೂಜಾಗಳಲ್ಲಿ ಜನ ಡೇರೆ ಹಾಕಿ ಕುಳಿತು ಶಾಂತ ರೀತಿಯಿಂದ ಪ್ರತಿಭಟಿಸಿದರು. ೨೦೧೩ರ ಏಪ್ರಿಲಿನಲ್ಲಿ ಹವೀಜಾದ ಪ್ರತಿಭಟನಾ ಶಿಬಿರದ ಮೇಲೆ ಸೇನೆ ನುಗ್ಗಿ ಹತ್ತಾರು ಮಂದಿ ಸತ್ತರು. ಆ ವರ್ಷದ ಸಾವಿನ ಲೆಕ್ಕ ಹಿಂದಿನ ವರ್ಷದ ಎರಡರಷ್ಟಾಗಿ ೧೦,೦೦೦ದ ಸಮೀಪಕ್ಕೆ ಬಂದಿತು. ೨೦೧೪ರ ಜೂನ್ ೧೦ರಂದು ‘ಇಸ್ಲಾಮಿಕ್ ಸ್ಟೇಟ್’ ಎಂದು ಕರೆದುಕೊಂಡ ಉಗ್ರರು ಮೋಸುಲ್ ನಗರವನ್ನು ಹಿಡಿದರು. ತಮಗಿಂತ ಎಷ್ಟೋ ಪಾಲು ದೊಡ್ಡದಾಗಿದ್ದ ಸರ್ಕಾರಿ ಸೇನೆ ಸಮವಸ್ತ್ರ ಕಳಚಿ ಓಡಿತು. ೨೦೦೩ರಲ್ಲಿ ವಿಸರ್ಜಿತವಾದ ಸೇನೆಯ ಹಳೆಯ ಅಧಿಕಾರಿಗಳು ಹಲವರು ಈ ಉಗ್ರರ ದಳಪತಿಗಳಾಗಿದ್ದರು. ಆಗಸ್ಟಿನಲ್ಲಿ ಸಿಂಜಾರ್ ಬೆಟ್ಟದ ತಪ್ಪಲಿನ ಯಜೀದಿಗಳ ಮೇಲೆ ನಡೆದ ಅತ್ಯಾಚಾರವನ್ನು ವಿವರಿಸಲು ಲೇಖನಿ ಹಿಂಜರಿಯುತ್ತದೆ. ಆ ಒಂದು ವರ್ಷದಲ್ಲಿ ಸತ್ತ ನಾಗರಿಕರು ೨೦,೦೦೦ಕ್ಕೂ ಹೆಚ್ಚು. ಬೂದಿ ಮುಚ್ಚಿದ ಕೆಂಡವನ್ನು ಆರಿದ ಬೆಂಕಿಯೆಂದು ಬಗೆದುದಕ್ಕೆ ತೆತ್ತ ಬೆಲೆಯಿದು.

ಈ ದೂರದ ದೇಶದ ಕಥೆ ನಮಗೇಕೆ ಎಂದು ಯಾರಾದರೂ ಕೇಳಿಯಾರು. ಮೋಸುಲ್ ಬಿದ್ದಾಗ ಅಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ಭಾರತೀಯ ಕೂಲಿಕಾರರನ್ನು ಉಗ್ರರು ಹಿಡಿದೊಯ್ದರು. ಪಂಜಾಬು, ಹಿಮಾಚಲ, ಬಿಹಾರ, ಬಂಗಾಳಗಳ ಬಡಮನೆಗಳಿಂದ ಹೋದವರು ಅವರು. ೩೯ ಮಂದಿ ಕೊಲೆಯಾಗಿದ್ದರೆಂದು ವಿದೇಶಾಂಗ ಮಂತ್ರಿ ಸುಷ್ಮಾ ಸ್ವರಾಜ್ ಅವರು ರಾಜ್ಯಸಭೆಯಲ್ಲಿ ತಿಳಿಸಿದುದು ೨೦೧೮ರ ಮಾರ್ಚ್ ೨೦ರಂದು. ನಾಲ್ಕು ವರ್ಷ ಮನೆಯವರು ದಾರಿ ನೋಡುತ್ತಲೇ ಇದ್ದರು. ತಿಕ್ರೀತಿನ ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದಿದ್ದ ೪೬ ಮಂದಿ ದಾದಿಯರು, ಬಹುತೇಕ ಕೇರಳದವರು, ಪುಣ್ಯವಶಾತ್ ೨೦೧೪ರ ಜುಲೈಯಲ್ಲಿ ಜೀವಸಹಿತ ಮರಳಿದರು. “ಅಲ್ಲಿ ಈಗ ಗಲಾಟೆಯಿಲ್ಲವಂತೆ” ಎಂಬ ಒಂದು ಮಾತನ್ನು ನಂಬಿ ಸಾಲ ಮಾಡಿ ಕಡಲಾಚೆ ಹೋಗುವವರು ನಮ್ಮ ದೇಶದಲ್ಲಿ ಎಷ್ಟು ಜನರಿಲ್ಲ? ಸದ್ದಡಗುವಿಕೆಗೂ ಶಾಂತಿಗೂ ಇರುವ ಅಂತರ ಅವರ ಪಾಲಿಗೆ ಜೀವನ್ಮರಣದ ಅಂತರ.

ಇಲ್ಲಿ ಒಂದು ಆಕ್ಷೇಪಣೆಯನ್ನು ವಿಚಾರಿಸಬೇಕು. ಅಮೆರಿಕದ ಸೇನೆ ೨೦೧೧ರಲ್ಲಿ ಹೊರಡದೆ ಅಲ್ಲಿಯೇ ಉಳಿದಿದ್ದರೆ ಶಾಂತಿಯೂ ಉಳಿಯುತ್ತಿತ್ತೆಂದು ವಾದಿಸುವವರುಂಟು. ಈ ವಾದ ಪೂರ್ತಿ ಪೊಳ್ಳಲ್ಲ. ಮಾಲಿಕಿಯವರ ಕೈಯನ್ನು ಹಿಡಿಯುವ ಶಕ್ತಿ ಅಲ್ಲಿ ಬೇರೆ ಯಾರಿಗೂ ಇರಲಿಲ್ಲ. ಆದರೆ ಈ ವಾದವೇ ನಮ್ಮ ಮಾತಿಗೆ ಸಾಕ್ಷಿ. ಕಂಬ ತೆಗೆದೊಡನೆ ಚಪ್ಪರ ಬಿದ್ದರೆ ಅದು ಚಪ್ಪರವೇ ಹೊರತು ಮನೆಯಲ್ಲ. ಅಲ್ಲದೆ ಹೊರಡುವ ದಿನವನ್ನು ೨೦೦೮ರಲ್ಲಿಯೇ, ಬುಷ್ ಅವರ ಅಧಿಕಾರದಲ್ಲಿಯೇ, ಎರಡು ಸರ್ಕಾರಗಳೂ ಕೂಡಿ ಗೊತ್ತುಮಾಡಿದ್ದುವು. ಇರಾಕಿನ ಜನ ಪರಸೇನೆಯನ್ನು ಇನ್ನು ಸಹಿಸಲು ಸಿದ್ಧರಿರಲಿಲ್ಲ. ಪರಸೇನೆ ಇರುವವರೆಗೆ ಅದರ ಮೇಲಿನ ಸಿಟ್ಟು; ಹೋದ ಮೇಲೆ ಅದು ತಡೆದಿದ್ದ ಸಿಟ್ಟು. ಇವೆರಡರ ನಡುವೆ ದಾರಿಯಾಗಬೇಕಾಗಿದ್ದುದು ಇರಾಕಿಗಳ ನಡುವಣ ರಾಜಿಯೊಂದೇ.

ಇದೇ ನೆಲದಲ್ಲಿ ಹಿಂದೊಮ್ಮೆ ಇದೇ ಪಾಠ ನಡೆದಿತ್ತು. ೧೯೧೭ರಲ್ಲಿ ಬ್ರಿಟಿಷರು ತುರ್ಕರಿಂದ ಬಾಗ್ದಾದನ್ನು ಗೆದ್ದರು. ತಾವು ಗೆಲ್ಲಲು ಬಂದವರಲ್ಲ, ಬಿಡಿಸಲು ಬಂದವರೆಂದು ಪ್ರಕಟಣೆ ಹೊರಡಿಸಿದರು. ೧೯೨೦ರಲ್ಲಿ ಯೂಫ್ರಟೀಸಿನ ದಂಡೆಯ ಬುಡಕಟ್ಟುಗಳು ದಂಗೆಯೆದ್ದುವು; ಅದನ್ನು ಅಡಗಿಸಿದ ಸೈನ್ಯದಲ್ಲಿ ಹೆಚ್ಚಿನವರು ನಮ್ಮ ದೇಶದ ಸಿಪಾಯಿಗಳೇ. ಆ ವರ್ಷದ ಕೊನೆಗೆ ಸದ್ದಡಗಿತು. ೧೯೨೧ರಲ್ಲಿ ಹೊರಗಿನಿಂದ ಫೈಸಲನನ್ನು ಕರೆತಂದು ಪಟ್ಟಕಟ್ಟಿದರು. ೧೯೩೨ರಲ್ಲಿ ಸ್ವಾತಂತ್ರ್ಯವನ್ನೂ ಕೊಟ್ಟರು. ಆದರೆ ೧೯೩೬ರಲ್ಲಿ ಸೇನೆಯ ಕ್ರಾಂತಿ. ೧೯೪೧ರಲ್ಲಿ ಮತ್ತೊಂದು, ಅದರ ಹಿಂದೆಯೇ ಬ್ರಿಟಿಷರ ಪುನರಾಗಮನ. ೧೯೫೮ರ ಜುಲೈ ೧೪ರಂದು ರಾಜಮನೆತನವೇ ಗುಂಡಿಗೆ ಬಲಿ. ೧೯೨೦ರ ಕೊನೆಯ ನಿಶ್ಶಬ್ದವನ್ನು ಶಾಂತಿಯೆಂದು ಕರೆದವರಿಗೆ ಕಾಲ ಉತ್ತರ ಕೊಟ್ಟಿತು.

ಹಾಗಾದರೆ ಪರಸೇನೆ ಕಾಲಿಟ್ಟಲ್ಲೆಲ್ಲ ಶಾಂತಿ ಸುಳ್ಳೆ? ಹಾಗೆ ಹೇಳಲಾಗದು. ೧೯೪೫ರಿಂದ ೧೯೫೨ರವರೆಗೆ ಜಪಾನು ಅಮೆರಿಕದ ದಂಡಿನ ವಶದಲ್ಲಿತ್ತು. ಅಲ್ಲಿ ಹಿಂಸೆ ಇರಲಿಲ್ಲವೆಂಬಷ್ಟು ಕಡಮೆ. ಆ ಶಾಂತಿ ಇಂದಿಗೂ ಉಳಿದಿದೆ. ಜಪಾನು ಒಂದೇ ಜನಾಂಗದ ದೇಶ, ಯುದ್ಧದಲ್ಲಿ ಪೂರ್ತಿ ಸೋತು ಶರಣಾದ ದೇಶ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಒಂದು ಅಂಶವನ್ನು ಗಮನಿಸಬೇಕು. ಅಲ್ಲಿ ಗುಮಾಸ್ತನಿಂದ ಚಕ್ರವರ್ತಿಯವರೆಗೆ ಆಡಳಿತದ ಚೌಕಟ್ಟನ್ನು ಉಳಿಸಿಕೊಂಡರು. ಭೂಸುಧಾರಣೆಯ ಕಾನೂನಿನಿಂದ, ಹೆಚ್ಚು ಕಡಮೆ ಅರ್ಧದಷ್ಟಿದ್ದ ಗೇಣಿಯ ಭೂಮಿ ಹತ್ತರಲ್ಲೊಂದು ಪಾಲಿಗೆ ಇಳಿಯಿತು; ಉಳುವವನು ಒಡೆಯನಾದನು. ೧೯೪೭ರಲ್ಲಿ ಹೊಸ ಸಂವಿಧಾನ ಬಂದಿತು. ಪರಸೇನೆ ಹೊರಡುವ ಹೊತ್ತಿಗೆ ಸಾಮಾನ್ಯ ರೈತನಿಗೆ ಆ ಹೊಸ ವ್ಯವಸ್ಥೆಯಲ್ಲಿ ಕಳೆದುಕೊಳ್ಳಲು ಒಂದು ತುಂಡು ನೆಲವಿತ್ತು. ಇರಾಕಿನ ಸೈನಿಕನಿಗೆ ಹೊಸ ವ್ಯವಸ್ಥೆ ಮೊದಲ ವಾರಗಳಲ್ಲಿಯೇ ಇದ್ದ ಅನ್ನವನ್ನು ಕಿತ್ತುಕೊಂಡಿತ್ತು.

ಆದುದರಿಂದ ಎಣಿಸಬೇಕಾದುದು ಹೆಣಗಳನ್ನು ಮಾತ್ರವಲ್ಲ. ಊರು ಬಿಟ್ಟು ಓಡಿದವನು ತನ್ನ ಹಳೆಯ ಮನೆಗೆ ಮರಳಿ ಬಂದನೆ? ಬಂದು, ಹಳೆಯ ನೆರೆಯವನ ಪಕ್ಕದಲ್ಲಿ ಬಾಗಿಲು ತೆರೆದು ಮಲಗಿದನೆ? ಆಯುಧ ಕೆಳಗಿಟ್ಟವನಿಗೆ ಬೇರೊಂದು ಕೆಲಸ ದೊರೆಯಿತೆ, ಆ ಕೆಲಸದ ಸಂಬಳ ಕೊಡುವವನು ಅವನ ಸ್ವಂತ ಸರ್ಕಾರವೆ? ಚುನಾವಣೆಯಲ್ಲಿ ಸೋತವನಿಗೆ ಮುಂದಿನ ಸಲ ಗೆಲ್ಲಬಹುದೆಂಬ ನಂಬಿಕೆಯಿದೆಯೆ, ಗೆದ್ದವನಿಗೆ ಗದ್ದಿಗೆ ಸಿಕ್ಕುತ್ತದೆಯೆ? ಪೊಲೀಸಿನವನು ಬಾಗಿಲು ತಟ್ಟಿದಾಗ ಅಲ್ಪಸಂಖ್ಯಾತನು ಹೆದರುವನೆ, ಧೈರ್ಯ ತಾಳುವನೆ? ಈ ಪ್ರಶ್ನೆಗಳಿಗೆ ಉತ್ತರ ವಾರದ ವರದಿಯಲ್ಲಿ ಸಿಕ್ಕುವುದಿಲ್ಲ. ಅಂಕೆಯಾಗಿ ಬರೆಯುವುದೂ ಕಷ್ಟ. ಆದರೆ ಸತ್ತವರ ಸಂಖ್ಯೆ ನಿನ್ನೆಯದನ್ನು ಹೇಳುತ್ತದೆ. ಇವು ನಾಳೆಯದನ್ನು ಹೇಳುತ್ತವೆ.

ಮಹಾಭಾರತವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಪಾಂಡವರು ಕಾಡಿಗೆ ಹೋದ ಮೇಲೆ ಹದಿಮೂರು ವರ್ಷ ಹಸ್ತಿನಾವತಿಯ ಬೀದಿಗಳಲ್ಲಿ ಕಾಳಗವಿರಲಿಲ್ಲ. ಆಗ ಯಾರಾದರೂ ಲೆಕ್ಕ ಬರೆದಿದ್ದರೆ ಕೌರವನ ಆಳ್ವಿಕೆಯಲ್ಲಿ ಪರಮಶಾಂತಿ ನೆಲೆಸಿತ್ತೆಂದೇ ಬರೆಯುತ್ತಿದ್ದರು. ಆದರೆ ಜೂಜಿನ ಸಭೆಯಲ್ಲಿ ಆದ ಅನ್ಯಾಯ ಹಾಗೆಯೇ ಉಳಿದಿತ್ತು. ಕೃಷ್ಣನು ಸಂಧಿಗೆ ಬಂದು ಐದೂರುಗಳನ್ನಾದರೂ ಕೊಡೆಂದು ಕೇಳಿದಾಗ, ಅಷ್ಟನ್ನೂ ಕೊಡಲಾರೆನೆಂದವನಿಗೆ ಆ ಹದಿಮೂರು ವರ್ಷದ ನಿಶ್ಶಬ್ದವೇ ಧೈರ್ಯ ಕೊಟ್ಟಿರಬೇಕು. ಸದ್ದಡಗಿದ ಕಾಲದ ದೊಡ್ಡ ಅಪಾಯ ಇದೇ. ಕೊಡಬೇಕಾದುದನ್ನು ಕೊಡದೆಯೂ ನಡೆದೀತೆಂಬ ಭ್ರಮೆಯನ್ನು ಅದು ಬಲಶಾಲಿಗೆ ಹುಟ್ಟಿಸುತ್ತದೆ.

ಇರಾಕಿನಲ್ಲಿ ಈಗ ಮತ್ತೆ ಸದ್ದಡಗಿದೆ. ಒಂಬತ್ತು ತಿಂಗಳ ಘೋರ ಕಾಳಗದ ಬಳಿಕ ೨೦೧೭ರ ಜುಲೈಯಲ್ಲಿ ಮೋಸುಲ್ ಬಿಡುಗಡೆಯಾಯಿತು. ಹಳೆಯ ಊರು ಕಲ್ಲುಗುಪ್ಪೆಯಾಗಿತ್ತು. ಅದೇ ಡಿಸೆಂಬರಿನಲ್ಲಿ ಸರ್ಕಾರ ವಿಜಯವನ್ನು ಸಾರಿತು. ೨೦೨೧ರ ಹೊತ್ತಿಗೆ ವರ್ಷದ ನಾಗರಿಕರ ಸಾವು ಒಂದು ಸಾವಿರಕ್ಕಿಂತ ಕೆಳಗಿಳಿಯಿತು. ೨೦೦೩ರಿಂದೀಚೆಗೆ ಅಷ್ಟು ಕಡಮೆಯಾದುದೇ ಇಲ್ಲ. ಆದರೆ ೨೦೨೪ರಲ್ಲಿಯೂ ಹತ್ತು ಲಕ್ಷದಷ್ಟು ಜನ ತಮ್ಮ ದೇಶದೊಳಗೇ ನೆಲೆಗೆಟ್ಟವರಾಗಿದ್ದರು; ಸಿಂಜಾರಿನ ಯಜೀದಿಗಳು ಅನೇಕರು ಡೇರೆಗಳಲ್ಲಿಯೇ ಹತ್ತನೆಯ ಚಳಿಗಾಲವನ್ನು ಕಳೆದರು. ೨೦೧೯ರ ಅಕ್ಟೋಬರಿನಲ್ಲಿ ಬಾಗ್ದಾದಿನಲ್ಲಿಯೂ ದಕ್ಷಿಣದ ಊರುಗಳಲ್ಲಿಯೂ ತರುಣರು ಬೀದಿಗಿಳಿದರು. ಅವರಲ್ಲಿ ಹೆಚ್ಚಿನವರು ಶಿಯಾಗಳು. ಕೇಳಿದುದು ಪಂಥದ ಮೇಲ್ಮೆಯನ್ನಲ್ಲ, ಉದ್ಯೋಗ, ಕುಡಿಯುವ ನೀರು, ಲಂಚವಿಲ್ಲದ ಆಡಳಿತ. ಐನೂರಕ್ಕೂ ಹೆಚ್ಚು ಮಂದಿ ಗುಂಡಿಗೆ ಬಲಿಯಾದರು. ಪ್ರಧಾನಿ ರಾಜೀನಾಮೆ ಕೊಟ್ಟರು. ಆ ತರುಣರ ಬೇಡಿಕೆಯಲ್ಲಿ ನನಗೆ ಕಾಣುವ ಆಸೆ ಸಾವಿನ ಅಂಕೆಗಳ ಇಳಿತದಲ್ಲಿ ಕಾಣುವುದಿಲ್ಲ. ಹೆಸರು ಕೇಳಿ ಕೊಲ್ಲುತ್ತಿದ್ದ ಊರಿನಲ್ಲಿ ಹೆಸರು ಕೇಳದೆ ಒಂದುಗೂಡಿ ನಿಂತವರು ಅವರು.

ಮುಂದೆ ಆ ದೇಶದ ಸುದ್ದಿ ಪತ್ರಿಕೆಯ ಯಾವುದೋ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂದಾಗ ವಾಚಕರು ಪುಟ ಮಗುಚುವ ಮೊದಲು ಒಂದು ಕ್ಷಣ ನಿಲ್ಲಲಿ. ಎಷ್ಟು ಜನ ಸತ್ತರೆಂದು ಓದಿದ ಮೇಲೆ, ಎಷ್ಟು ಜನ ಮನೆಗೆ ಮರಳಿದರೆಂದು ಹುಡುಕಲಿ. ಅದು ಅಲ್ಲಿ ಬರೆದಿಲ್ಲವಾದರೆ ಸುದ್ದಿ ಅರ್ಧ ಮಾತ್ರ ಬಂದಿದೆಯೆಂದು ತಿಳಿಯಬೇಕು.